ಮೂರನೆಯ ಕ್ಯಾಚರ್

ಚೆಂಗ್‌ಗೊಂಗ್ ಬಂದರು, ತೈತುಂಗ್
೧೪ ನವೆಂಬರ್ ೨೦೦೪, ಭಾನುವಾರ

ಪ್ರೀತಿಯ ಕೊಲಾಸಣ್ಣನಿಗೆ,

ನಿನ್ನ ಹೆಬ್ಬೆರಳು ಈಗ ಹೇಗಿದೆ? ನಿಮ್ಮ ಹಡಗಿನ ಅಡುಗೆಯವನು ಕಳೆದ ತಿಂಗಳು ಊರಿಗೆ ಬಂದವನು ಪಾನಾಯ್ ಅಕ್ಕನ ಮೀನಂಗಡಿಯನ್ನು ಹುಡುಕಿಕೊಂಡು ಬಂದಿದ್ದ. ಗಾಳದ ಹಗ್ಗ ಎಳೆಯುವ ಯಂತ್ರಕ್ಕೆ ನಿನ್ನ ಬಲಗೈ ಸಿಕ್ಕಿತ್ತು, ಹತ್ತು ದಿನ ಎಡಗೈಯಲ್ಲೇ ಊಟ ಮಾಡಿದೆ, ಆದರೂ ಒಂದು ದಿನ ರಜೆ ಹಾಕಲಿಲ್ಲ ಎಂದು ಹೇಳಿದ. ಅಕ್ಕ ಅವನೆದುರಿಗೇ ನಿನ್ನನ್ನು ಬೈದಳು. “ಅವನ ಬೆರಳು ಬೇಸ್‌ಬಾಲ್‌ಗೇ ಅರ್ಧ ಹೋಗಿತ್ತು, ಉಳಿದಿದ್ದನ್ನ ಈಗ ಮೀನಿಗೆ ಹಾಕ್ತಿದ್ದಾನೆ” ಅಂದಳು. ಬೈದು ಮುಗಿಸಿ, ಐಸ್ ತರುವ ನೆಪ ಹೇಳಿ ಒಳಗೆ ಹೋಗಿ ಅತ್ತಳು. ಬೆರಳು ಮಡಿಸಲು ಬರುತ್ತದೆಯೇ? ಚಳಿಗೆ ಸೆಳೆಯುತ್ತದೆಯೇ? ಮಂಡಿಗಳು ಹೇಗಿವೆ? ಮುಂದಿನ ಸಲ ಬರೆಯುವಾಗ “ಎಲ್ಲ ಕ್ಷೇಮ” ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡ. ಸಮುದ್ರದ ಬಣ್ಣದ ಬಗ್ಗೆ ನಾಲ್ಕು ಸಾಲು ಬರೆಯುವವನು ನಿನ್ನ ಬಗ್ಗೆ ಎರಡಾದರೂ ಬರೆಯಬಹುದು.

ಅಮ್ಮ ಗಟ್ಟಿಯಾಗಿದ್ದಾಳೆ. ಆಗಸ್ಟ್‌ನಲ್ಲಿ ಎಡಗಣ್ಣಿನ ಪೊರೆ ತೆಗೆಸಿದೆವು. ಕಟ್ಟು ಬಿಚ್ಚಿದ ದಿನ, ಒಂದು ದಿನದ ರಜೆಗೆ ಬಂದಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಫುತಿಂಗ್, ಯಾವಾಗಿಂದ ಇಷ್ಟು ಮುದುಕ ಆದ್ಯೋ? ಪೊರೆ ಇದ್ದಾಗ ಚೆನ್ನಾಗಿದ್ದೆ” ಅಂದಳು. ಡಾಕ್ಟರೂ ನಕ್ಕರು. ಈಗ ಬೆಳಗೆದ್ದರೆ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತು, ಬಂದರಿಗೆ ಬರುವ ದೋಣಿಗಳನ್ನೆಲ್ಲ ಹೆಸರು ಹಿಡಿದು ಹೇಳುತ್ತಾಳೆ. ಈ ಸಲ ನಮ್ಮ ಅಮೀಸ್ ಜನರ ಸುಗ್ಗಿ ಹಬ್ಬದಲ್ಲಿ ನಿನ್ನ ವಾರಿಗೆಯ ಗಂಡಸರೆಲ್ಲ ಕೈ ಕೈ ಹಿಡಿದು ಕುಣಿಯುವಾಗ ಒಂದು ಜಾಗ ಬಿಟ್ಟು ಕುಣಿದರು. ಅದು ನಿನ್ನದು ಎಂದು ನನಗೆ ಹೇಳಿದವಳೂ ಅವಳೇ. ನಾನು ಹಬ್ಬಕ್ಕೆ ಬರಲು ಆಗಿರಲಿಲ್ಲ. ಆಟವಿತ್ತು.

ಇನ್ನು ನನ್ನ ಸುದ್ದಿ. ನಾನು ಆಟ ಬಿಟ್ಟೆ ಅಣ್ಣಾ. ಅಕ್ಟೋಬರ್ ಎರಡನೆಯ ಭಾನುವಾರ ತೈಚುಂಗ್‌ನಲ್ಲಿ ನನ್ನ ಕೊನೆಯ ಆಟವಾಯಿತು. ಊರಿಗೆ ಬಂದು ಒಂದು ತಿಂಗಳಾಯಿತು. ಅಕ್ಕನ ಅಂಗಡಿಯಲ್ಲಿ ನಿಲ್ಲುತ್ತೇನೆ. ಈಗ ಕತ್ತಿಮೀನಿನ ಕಾಲ, ದಿನಾ ಮಧ್ಯಾಹ್ನ ಹರಾಜಿಗೆ ಮನುಷ್ಯನಷ್ಟುದ್ದದ ಮೀನುಗಳು ಬಂದು ಬೀಳುತ್ತವೆ. ನಾನು ಕತ್ತರಿಸಿದ ತುಂಡುಗಳನ್ನು ಕೊಳ್ಳುವವರು ಕೈಯಲ್ಲಿ ಹಿಡಿದು, ಒಂದು ಸಲ ನನ್ನನ್ನು ನೋಡಿ, ಮತ್ತೆ ಕೆಳಗಿಡುತ್ತಾರೆ. “ಹದಿಮೂರು ವರ್ಷ ಎಲ್ಲಾ ಕೆಲಸ ಮಾಡ್ದೆ ಅಂತ ಪೇಪರ್‌ನಲ್ಲಿ ಬರೆದಿದ್ರು, ಒಂದು ಮೀನಿನ ಬೆನ್ನೆಲುಬು ಬಿಡಿಸೋಕೆ ಬರಲ್ವಲ್ಲೋ ನಿಂಗೆ” ಎಂದು ಅಕ್ಕ ಗಿರಾಕಿಗಳ ಮುಂದೆಯೇ ಮಾನ ಕಳೆಯುತ್ತಾಳೆ. ಅವಳ ಬಾಯಿ ನಿನಗೆ ಗೊತ್ತಲ್ಲ.

ಕೊನೆಯ ಆಟದ ವಿಷಯ ಹೇಳಬೇಕು. ಈಗ ನಮ್ಮ ಬೆಳ್ಳಕ್ಕಿ ತಂಡದ ಮ್ಯಾನೇಜರ್ ಯಾರು ಗೊತ್ತೇ? ವೂ. ನಿನ್ನ ಕಾಲದಲ್ಲಿ ಮೊದಲನೆಯ ಬೇಸ್‌ನಲ್ಲಿ ನಿಲ್ಲುತ್ತಿದ್ದನಲ್ಲ, ಊಟದ ಡಬ್ಬಿಯಲ್ಲಿ ಯಾವಾಗಲೂ ಇನ್ನೊಬ್ಬರ ಮಾಂಸದ ತುಂಡನ್ನು ಎತ್ತಿಕೊಳ್ಳುತ್ತಿದ್ದವನು, ಅವನೇ. ಆಟಕ್ಕೆ ಮೂರು ದಿನ ಮೊದಲು ನನ್ನನ್ನು ಕರೆದು, “ಚಪ್ಪಲಿ, ಕೊನೇ ದಿನ ನಿನ್ನನ್ನ ಒಂಬತ್ತು ಇನ್ನಿಂಗ್ಸ್‌ನಲ್ಲಿ ಒಂಬತ್ತು ಜಾಗದಲ್ಲಿ ನಿಲ್ಲಿಸ್ತೀನಿ ಕಣೋ. ಜನ ಬರ್ತಾರೆ, ಫೋಟೋ ಹಾಕ್ತಾರೆ” ಅಂದ. ಅವನಿಗೆ ನಾನು ಇನ್ನೂ ಚಪ್ಪಲಿಯೇ, ಆದರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು “ಎಂಟು ಸಾಕು” ಅಂದೆ. “ಎಂಟಕ್ಕೆ ಯಾರು ಚಪ್ಪಾಳೆ ತಟ್ತಾರೆ? ಒಂಬತ್ತನೇದು ಏನ್ ಪಾಪ ಮಾಡಿದೆ?” ಅಂದ. ಮಂಡಿ ಬಗ್ಗುವುದಿಲ್ಲ, ಕ್ಯಾಚರ್ ಆಗಿ ಕೂರಲು ಆಗುವುದಿಲ್ಲ ಅಂದೆ. ಅವನು ನನ್ನ ಮಂಡಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಕೇಳಲಿಲ್ಲ.

ದೂರದ ಹುಲ್ಲಿನಲ್ಲಿ ಮೂರು ಇನ್ನಿಂಗ್ಸ್, ಬೇಸ್‌ಗಳ ಸುತ್ತ ನಾಲ್ಕು. ಪ್ರತಿ ಸಲ ನಾನು ಗ್ಲೌಸ್ ಬದಲಿಸಿಕೊಂಡು ಹೊಸ ಜಾಗಕ್ಕೆ ಓಡುವಾಗ ಜನ ನಗುತ್ತಾ ಎಣಿಸುತ್ತಿದ್ದರು. ಎಂಟನೆಯದರಲ್ಲಿ ಪಿಚರ್ ಆಗಿ ಎಸೆದೆ. ನನ್ನ ಎರಡನೆಯ ಚೆಂಡನ್ನೇ ಎದುರಾಳಿಯ ಡೊಳ್ಳು ಹೊಟ್ಟೆಯವನೊಬ್ಬ ಗೋಡೆಯಾಚೆ ಕಳಿಸಿದ. ಪಾಪ, ಬೇಸ್‌ಗಳನ್ನು ಸುತ್ತಿ ಓಡುವಾಗ ನನ್ನ ಕಡೆ ತಿರುಗಿ ತಲೆ ಬಗ್ಗಿಸಿ ಕ್ಷಮೆ ಕೇಳಿದ. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ನಾನು ಬೆಂಚಿನಲ್ಲಿ ಕೂತಿದ್ದೆ. ಬ್ಯಾಟು ಹಿಡಿದವನ ಹಿಂದೆ ಮುಖವಾಡ ಹಾಕಿ ಕುಕ್ಕುರುಗಾಲಲ್ಲಿ ಕೂತಿದ್ದವನು ಇಪ್ಪತ್ತೆರಡರ ಹೊಸಬ. ನಿನಗೆ ಸುಳ್ಳು ಹೇಳಿ ಏನು ಪ್ರಯೋಜನ, ನನ್ನ ಮಂಡಿಗೆ ಏನೂ ಆಗಿರಲಿಲ್ಲ. ಅದು ನಿನ್ನ ಜಾಗ. ಅಲ್ಲಿ ಕೂತು ಚಪ್ಪಾಳೆ ತಟ್ಟಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಆಮೇಲೆ ಒಂದು ಛತ್ರಿ, ಒಂದು ಅನ್ನದ ಕುಕ್ಕರ್, ಬಾಗಿಲಷ್ಟು ದೊಡ್ಡ ಫೋಟೋ ಕೊಟ್ಟರು. ಫೋಟೋ ರೈಲಿನ ಸೀಟುಗಳ ನಡುವೆ ಹಿಡಿಸದೆ ಗಾರ್ಡಿನ ಬೋಗಿಯಲ್ಲಿ ತಂದೆ. ಕುಕ್ಕರ್ ಅಕ್ಕ ಇಟ್ಟುಕೊಂಡಳು, ಫೋಟೋ ಗೋಡೆಗೆ ತಿರುಗಿಸಿ ನಿಲ್ಲಿಸಿದ್ದಾಳೆ, ಧೂಳು ಕೂರುತ್ತದಂತೆ. ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಒಂದು ಸುತ್ತು ಹೊರಗೆ ಹೋಗಿಬಂದೆ. ಆ ದಿನ ಕಾತಿಂಗ್ ಬಂದಿದ್ದಳು, ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆ. ನಮ್ಮ ತಂಡಕ್ಕೆ ಊಟದ ಡಬ್ಬಿ ತರುತ್ತಿದ್ದಾಗ ಇದ್ದ ಹಾಗೆಯೇ ಇದ್ದಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. “ಕೊಲಾಸ್ ಈಗ ಎಲ್ಲಿದ್ದಾನೆ?” ಎಂದು ಕೇಳಿದಳು. ದೊಡ್ಡ ಸಮುದ್ರದಲ್ಲಿ ಅಂದೆ. “ಅವನಿಗೆ ದೋಣಿ ಹತ್ತಿದ್ರೆ ವಾಂತಿ ಬರ್ತಿತ್ತಲ್ಲ” ಅಂದಳು. ಆ ಕಾಲದಲ್ಲಿ, ಎರಡು ವರ್ಷ ಕಳೆದು ನೀನು ಕ್ಯಾಚರ್‌ಗಳ ಕೋಚ್ ಆಗುತ್ತೀಯ, ಆಮೇಲೆ ನಮ್ಮವರ ಪದ್ಧತಿಯಂತೆ ಅವಳನ್ನು ಮದುವೆಯಾಗಿ ಅವಳ ಮನೆಗೆ ಹೋಗಿ ಸೇರುತ್ತೀಯ ಎಂದು ಇಡೀ ತಂಡಕ್ಕೇ ಗೊತ್ತಿದ್ದ ಮಾತು.

ಆ ದಿನ ಮೈಕಿನವನು ದಾಖಲೆಯಲ್ಲಿರುವ ನನ್ನ ಚೀನೀ ಹೆಸರು ಹೇಳಿ, ಹದಿಮೂರು ವರ್ಷಗಳ ಲೆಕ್ಕವನ್ನೆಲ್ಲ ಓದಿದ. ಎಷ್ಟು ಆಟ, ಎಷ್ಟು ಜಾಗ, ಎಷ್ಟು ತಪ್ಪು. ಆದರೆ ನಾನು ಅಲ್ಲಿಗೆ ಹೇಗೆ ಬಂದೆ ಎಂಬುದು ಅವನ ಕಾಗದದಲ್ಲಿ ಇರಲಿಲ್ಲ. ನಾನು ಸೈನ್ಯದ ಕೆಲಸ ಮುಗಿಸಿ ಬಂದ ವಾರವೇ ನೀನು ನನ್ನ ಕೈ ಹಿಡಿದು ಮ್ಯಾನೇಜರ್ ಲಿಯಾವ್ ಮುಂದೆ ನಿಲ್ಲಿಸಿದ್ದೆ. “ನನ್ನ ತಮ್ಮ ಸಾರ್. ಚೆನ್ನಾಗಿ ಓಡ್ತಾನೆ. ನಾಚಿಕೆ ಜಾಸ್ತಿ, ಆದ್ರೆ ಹೇಳಿದ್ದು ಮಾಡ್ತಾನೆ.” ಲಿಯಾವ್ ಸಿಗರೇಟು ಕಚ್ಚಿಕೊಂಡೇ, “ಎಲ್ಲಿ ಆಡ್ತಾನೆ?” ಅಂದ. ನಾನು ಶಾರ್ಟ್‌ಸ್ಟಾಪ್, ಎರಡನೆಯ ಮೂರನೆಯ ಬೇಸ್‌ಗಳ ನಡುವಿನ ಜಾಗ, ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು, “ಎಲ್ಲಿ ಬೇಕಾದ್ರೂ” ಅಂದುಬಿಟ್ಟೆ. ಎಲ್ಲಿ ನನಗೆ ಅವಕಾಶ ಕೈತಪ್ಪುತ್ತದೋ ಎಂಬ ಭಯಕ್ಕೆ ನೀನು ಹಾಗೆ ಅಂದೆ, ನನಗೆ ಗೊತ್ತು. ಹದಿಮೂರು ವರ್ಷ ನಾನು ಮಾಡಿದ್ದು ಅದನ್ನೇ.

ಮೊದಲ ವರ್ಷವೇ ಶಾರ್ಟ್‌ಸ್ಟಾಪ್‌ನವನು ಕಾಲು ಮುರಿದುಕೊಂಡ, ಅಲ್ಲಿ ನಿಂತೆ. ಅವನು ವಾಸಿಯಾಗಿ ಬಂದ, ಮೂರನೆಯ ಬೇಸ್‌ನವನ ಹೆಂಡತಿಗೆ ಹೆರಿಗೆಯಾಯಿತು, ಅಲ್ಲಿಗೆ ಹೋದೆ. ಎಡಮೂಲೆಯವನಿಗೆ ಜ್ವರ ಬಂತು, ಅಲ್ಲಿಗೆ ಓಡಿದೆ. ನನ್ನ ಚೀಲದಲ್ಲಿ ನಾಲ್ಕು ಗ್ಲೌಸ್ ಇರುತ್ತಿದ್ದವು, ಒಂದೂ ಕೈಗೆ ಪೂರ್ತಿ ಹೊಂದಿಕೊಳ್ಳುವಷ್ಟು ಹಳೆಯದಾಗುತ್ತಿರಲಿಲ್ಲ. ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ, “ಇವತ್ತು ನಿನ್ನ ಎಲ್ಲಿ ನಿಲ್ಲಿಸಿದ್ರೋ?” ಎಂದು ಕೇಳುತ್ತಿದ್ದಳು. ನಿನ್ನ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಆಡಿದರೂ ಬೆಂಚಿನಲ್ಲಿದ್ದರೂ ನೀನು ಕ್ಯಾಚರ್, ಅಷ್ಟೇ. ನನಗೆ ನಿನ್ನ ಬಗ್ಗೆ ಹೊಟ್ಟೆಕಿಚ್ಚು ಇತ್ತು ಎಂದು ಈಗ ಬರೆದರೆ ನಂಬುತ್ತೀಯಾ? ವಾರಕ್ಕೆ ಒಂದು ಆಟ ಸಿಗುತ್ತಿದ್ದ ಮೂರನೆಯ ಕ್ಯಾಚರ್ ಮೇಲೆ, ದಿನಾ ಆಡುತ್ತಿದ್ದವನಿಗೆ ಹೊಟ್ಟೆಕಿಚ್ಚು. ಪಿಚರ್‌ಗಳು ಎಸೆತದ ಹಿಡಿತ ತಪ್ಪಿದಾಗ ನಿನ್ನನ್ನೇ ಕೇಳಿ ಪಡೆಯುತ್ತಿದ್ದರು. ನನ್ನನ್ನು ಯಾರೂ ಕೇಳಿ ಪಡೆಯಲಿಲ್ಲ, ಕಳಿಸುತ್ತಿದ್ದರು.

ಚಪ್ಪಲಿ ಎಂಬ ಆ ಹೆಸರು ಬಂದ ದಿನ ನೆನಪಿದೆಯಾ? ತಂಡದ ವಸತಿಯ ಬಚ್ಚಲ ಬಾಗಿಲಲ್ಲಿ ನೀಲಿ ಪಟ್ಟಿಯ ಒಂದು ಜೊತೆ ಚಪ್ಪಲಿ ಇರುತ್ತಿತ್ತು, ಒಳಗೆ ಹೋಗುವವರೆಲ್ಲ ಅದನ್ನೇ ಮೆಟ್ಟುತ್ತಿದ್ದರು. ಒಬ್ಬ ಪಿಚರ್ ಅದನ್ನು ತೋರಿಸಿ, “ನೋಡ್ರೋ, ಕೊಲಾಸನ ತಮ್ಮ ಬಾಗಿಲಲ್ಲೇ ಇದ್ದಾನೆ, ಯಾರ ಕಾಲಿಗಾದ್ರೂ ಆಗ್ತಾನೆ” ಅಂದ. ಎಲ್ಲರ ಜೊತೆ ನಾನೂ ನಕ್ಕೆ. ನೀನು ಮಾತ್ರ ಎದ್ದು ಹೋಗಿ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. “ಅವನಿಗೆ ನಮ್ಮಮ್ಮ ಇಟ್ಟ ಹೆಸರಿದೆ. ಬರಲ್ಲ ಅಂದ್ರೆ ಕಲಿ” ಅಂದೆ. ಆದರೂ ಚಪ್ಪಲಿ ಎಂಬ ಹೆಸರೇ ನಿಂತಿತು. ಎರಡು ವರ್ಷದಲ್ಲಿ ನಾನೇ ಅದಕ್ಕೆ ಓ ಅನ್ನುತ್ತಿದ್ದೆ. ಕೊನೆಯವರೆಗೂ ಕರೆಯದೇ ಇದ್ದವನು ನೀನೊಬ್ಬ.

ಇನ್ನು ತೊಂಬತ್ತೇಳರ ಬೇಸಿಗೆ. ಅದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ. ಆ ವರ್ಷ ಸ್ಟೇಡಿಯಂಗಳಲ್ಲಿ ಜನರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚಿದ್ದವು. ತಂಡದಲ್ಲಿ ಆಳು ಕಡಿಮೆ ಮಾಡುತ್ತಾರೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಆ ಜುಲೈನಲ್ಲೇ ನನಗೆ ಕ್ಯಾಚರ್ ಕೆಲಸ ಕಲಿಯಬೇಕು ಅನ್ನಿಸಿತು. ಆ ಯೋಚನೆ ಎಲ್ಲಿಂದ ಬಂತೋ ನೆನಪಿಲ್ಲ. ನಿನ್ನ ಬಳಿ ಬಂದು, “ಅಣ್ಣಾ, ಅದೊಂದು ಜಾಗ ನಂಗೆ ಬರಲ್ಲ, ಹೇಳ್ಕೊಡು” ಅಂದೆ. ನೀನು ಎಷ್ಟು ಖುಷಿಪಟ್ಟೆ! “ಕೊನೆಗೂ ಬುದ್ಧಿ ಬಂತಾ? ಓಡಾಡೋರೆಲ್ಲ ಆಟಗಾರರಲ್ಲ ಕಣೋ, ಕೂತಿರೋನಿಗೇ ಇಡೀ ಮೈದಾನ ಕಾಣೋದು” ಅಂದೆ.

ಆರು ವಾರ ಕಲಿಸಿದೆ. ಬೆಳಗಿನ ಅಭ್ಯಾಸ ಮುಗಿದು ಎಲ್ಲರೂ ಮಲಗಲು ಹೋದ ಮೇಲೆ, ನಡುಮಧ್ಯಾಹ್ನದ ಬಿಸಿಲಲ್ಲಿ, ಸೇತುವೆ ಕೆಳಗಿನ ನದಿಮೈದಾನದಲ್ಲಿ. ಮೊದಲ ವಾರ ಗ್ಲೌಸ್ ಮುಟ್ಟಲೇ ಬಿಡಲಿಲ್ಲ. ನನ್ನ ಕೈಗಳನ್ನು ಬೆನ್ನ ಹಿಂದೆ ಟವೆಲಿನಿಂದ ಕಟ್ಟಿ, ಎದೆಗೆ ಕವಚ ಹಾಕಿ ಕೂರಿಸಿ, ಚೆಂಡನ್ನು ನೆಲಕ್ಕೆ ಪುಟಿಸಿ ಎದೆಗೆ ಹೊಡೆಯುತ್ತಿದ್ದೆ. “ಕಣ್ಣು ಮುಚ್ಚಬೇಡ್ವೋ! ಚೆಂಡು ನಿನ್ನ ಕೊಲ್ಲಲ್ಲ. ಹೆದರಿ ತಿರುಗಿದ್ರೆ ಪಕ್ಕೆಲುಬು ಮುರಿಯುತ್ತೆ, ಅಷ್ಟೇ” ಎಂದು ಕೂಗುತ್ತಿದ್ದೆ. ಅಷ್ಟೇ ಅಂತೆ! ಸಂಜೆ ವಸತಿಯಲ್ಲಿ ನನ್ನ ಎದೆಯ ನೀಲಿ ಕಲೆಗಳನ್ನು ಎಣಿಸಿ ನಿನ್ನೆಗಿಂತ ಎರಡು ಕಡಿಮೆ ಎಂದು ಸಂತೋಷಪಡುತ್ತಿದ್ದೆ. ಆಮೇಲೆ ಬೆರಳಿನ ಸನ್ನೆಗಳು, ಕದ್ದು ಓಡುವವನನ್ನು ಎರಡನೆಯ ಬೇಸ್‌ಗೆ ಚೆಂಡು ಎಸೆದು ಔಟ್ ಮಾಡಿಸುವುದು, ಪಿಚರ್‌ಗೆ ಸಿಟ್ಟು ಬಂದಾಗ ನಿಧಾನವಾಗಿ ನಡೆದುಹೋಗಿ ಅವನ ಮನೆಯವರ ಸುದ್ದಿ ಕೇಳುವುದು. ನಿನ್ನ ಹಳೆಯ ಗ್ಲೌಸನ್ನೇ ನನಗೆ ಕೊಟ್ಟೆ. “ನಾಳೆ ನಂಗೆ ಪೆಟ್ಟು ಬಿದ್ರೆ ನೀನಿರ್ತೀಯ, ನಾನು ನೆಮ್ಮದಿಯಾಗಿ ಕೂರ್ತೀನಿ” ಅಂದೆ.

ಪೆಟ್ಟು ಬಿತ್ತು ಕೂಡ. ಸೆಪ್ಟೆಂಬರಿನ ಆ ಆಟದಲ್ಲಿ ಮೊದಲನೆಯ ಕ್ಯಾಚರ್ ಬಿಸಿಲಿಗೆ ತಲೆ ಸುತ್ತಿ ಬಿದ್ದ, ಎರಡನೆಯವನು ಆಗಲೇ ಆಡಿ ಹೊರಬಂದಿದ್ದ, ಹೊರಬಂದವನನ್ನು ಮತ್ತೆ ಇಳಿಸುವ ಹಾಗಿಲ್ಲ, ನಿನ್ನ ತೋರುಬೆರಳು ಹಿಂದಿನ ದಿನ ಊದಿಕೊಂಡಿತ್ತು. ಲಿಯಾವ್ ನನ್ನ ಕಡೆ ಗದ್ದ ಎತ್ತಿದ. ಕೊನೆಯ ಎರಡು ಇನ್ನಿಂಗ್ಸ್ ನಾನು ಕೂತೆ. ನೀನು ಬೆಂಚಿನ ಅಂಚಿಗೆ ಬಂದು ನಿಂತು ಪ್ರತಿ ಚೆಂಡಿಗೂ ನಮ್ಮ ಅಮೀಸ್ ಭಾಷೆಯಲ್ಲಿ, ಎದುರಾಳಿಗಳಿಗೆ ತಿಳಿಯದ ಹಾಗೆ, ಏನು ಮಾಡಬೇಕೆಂದು ಕೂಗುತ್ತಿದ್ದೆ. ಗೆದ್ದೆವು. ನೀನು ನನ್ನನ್ನು ಎತ್ತಿ ಸುತ್ತಿಸಿದೆ. ಗೋಮಾಂಸದ ನೂಡಲ್ಸ್ ಅಂಗಡಿಯಲ್ಲಿ ಕೂತು, ನಿನ್ನ ಬಟ್ಟಲಿನ ಮಾಂಸವನ್ನೆಲ್ಲ ನನ್ನದಕ್ಕೆ ಹಾಕಿ, ಅಲ್ಲಿದ್ದ ಗುರುತಿಲ್ಲದವರಿಗೆಲ್ಲ “ಇವನು ನನ್ನ ತಮ್ಮ, ಇವತ್ತು ಹಿಡಿದಿದ್ದು ಇವನೇ” ಎಂದು ಹೇಳಿದೆ.

ಡಿಸೆಂಬರಿನಲ್ಲಿ ಮುಂದಿನ ವರ್ಷದ ತಂಡದ ಪಟ್ಟಿ ಹಾಕಿದರು. ಎಂಟು ಜನರ ಹೆಸರು ಇರಲಿಲ್ಲ, ಅದರಲ್ಲಿ ಒಂದು ನಿನ್ನದು. ಮೂರನೆಯ ಕ್ಯಾಚರ್ ಬೇಡ, ಅಗತ್ಯ ಬಿದ್ದರೆ ಫುತಿಂಗ್ ಇದ್ದಾನೆ, ಅಂದರು. ಅದನ್ನು ಓದಿದಾಗ ನಿನ್ನಷ್ಟೇ ನಾನೂ ಕಲ್ಲಾಗಿ ನಿಂತೆ. ನೀನು ನೇರ ಲಿಯಾವ್ ಕೋಣೆಗೆ ಹೋದೆ, ನಾನು ಹಿಂದೆ ಬಂದೆ. ನಿನ್ನ ಕೆಲಸದ ಬಗ್ಗೆ ಜಗಳವಾಡುತ್ತೀಯ ಅಂದುಕೊಂಡಿದ್ದೆ. ನೀನು ಆಡಿದ್ದು ನನ್ನ ಪರವಾಗಿ. “ನನ್ನ ತೆಗೀರಿ, ಪರವಾಗಿಲ್ಲ, ಮೂವತ್ಮೂರಾಯ್ತು ನಂಗೆ. ಆದ್ರೆ ಈ ಹುಡುಗನ್ನ ಯಾಕೆ ನಡುವೆ ತಂದ್ರಿ? ಅವನಿಗೆ ಒಂದು ಮಾತು ಹೇಳದೆ ಅವನ ಕೈಯಿಂದಲೇ ಅವನಣ್ಣನ ಹೊಟ್ಟೆಗೆ ಹೊಡೆಸಿದ್ರಲ್ಲ, ನಾಳೆ ಇವನು ಕನ್ನಡಿ ಹೇಗೆ ನೋಡ್ಕೋತಾನೆ?” ಲಿಯಾವ್ ನಿನ್ನ ಭುಜದ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಹೊರಗೆ ಬಂದು ನೀನು ನನ್ನ ಕತ್ತಿನ ಹಿಂದೆ ಕೈಯಿಟ್ಟು, “ನಿಂದೇನೂ ತಪ್ಪಿಲ್ಲ, ಕೇಳಿಸ್ತಾ? ನಮ್ಮಲ್ಲಿ ಒಬ್ಬ ಉಳಿದ, ಅಷ್ಟು ಸಾಕು” ಅಂದೆ. ನಾನು ತಲೆಯಾಡಿಸಿದೆ.

ಕಾತಿಂಗ್‌ಗೆ ನೀನೇ ಹೋಗಿ, ಕಾಯಬೇಡ ಎಂದು ಹೇಳಿ ಬಂದೆಯಂತೆ. ಕೆಲಸವಿಲ್ಲದವನಾಗಿ ಅವಳ ಮನೆಗೆ ಕಾಲಿಡುವುದಿಲ್ಲ ಎಂಬ ನಿನ್ನ ಹಟ. ಮಾರ್ಚಿನಲ್ಲಿ ಹೊಸ ಆಟದ ಕಾಲ ಶುರುವಾದಾಗ ನೀನು ಹಡಗು ಹತ್ತಿದೆ. ಬಂದರಿಗೆ ಬಂದು ಕಳಿಸಿಕೊಡಲು ನನಗೆ ಆಗಲಿಲ್ಲ. ಆಟವಿತ್ತು ಅಂದೆ. ಆಮೇಲೂ ನೀನು ಎರಡೆರಡು ವರ್ಷಕ್ಕೊಮ್ಮೆ ಬಂದಿಳಿದಾಗಲೆಲ್ಲ ಆಟವಿತ್ತು. ಒಂದು ಸಲ ನಿಜವಾಗಿಯೂ ಇರಲಿಲ್ಲ.

ಆಮೇಲಿನ ಏಳು ವರ್ಷಗಳಲ್ಲಿ ನಾನು ಮೂರನೆಯ ಕ್ಯಾಚರ್ ಆಗಿ ಎಷ್ಟು ಆಡಿದೆ ಗೊತ್ತೇ? ಹಳೆಯ ಆಟಗಳ ಹಾಳೆಗಳನ್ನೆಲ್ಲ ತೆಗೆಸಿ ನೋಡಿದೆ. ನಾಲ್ಕು ಇನ್ನಿಂಗ್ಸ್. ಏಳು ವರ್ಷದಲ್ಲಿ ನಾಲ್ಕು. ಅಷ್ಟಕ್ಕಾಗಿ ನಿನ್ನನ್ನು ಕಳಿಸಿದರು. ನೀನಿದ್ದಿದ್ದರೆ ಹಿಡಿತ ತಪ್ಪಿದ ಎಷ್ಟು ಪಿಚರ್‌ಗಳು ಉಳಿದುಕೊಳ್ಳುತ್ತಿದ್ದರೋ. ನಾನು ಇರುವುದರಿಂದ ಬೇರೆಯವರು ಬೇಡವಾಗುತ್ತಾರೆ ಎಂಬುದನ್ನು ನಿನ್ನ ನಂತರ ಇನ್ನೂ ಇಬ್ಬರ ವಿಷಯದಲ್ಲಿ ನೋಡಿದೆ. ಒಬ್ಬ ಹೋಗುವಾಗ ನನ್ನ ಕೈಕುಲುಕಿ, “ನಿನ್ನಂಥೋನು ಒಬ್ಬ ಇದ್ರೆ ಮೂರು ಮನೆಯಲ್ಲಿ ಒಲೆ ಉರಿಯಲ್ಲ ಚಪ್ಪಲಿ” ಅಂದ. ತಮಾಷೆಗೆ ಅಂದನೋ ಏನೋ. ಲಿಯಾವ್ ಕಳೆದ ವರ್ಷ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ, ನಿನ್ನ ಪರವಾಗಿಯೂ ಒಂದು ಊದುಬತ್ತಿ ಹಚ್ಚಿದೆ. ನೀನು ಬೈದರೆ ಬೈಯಿ.

ಈಗ ಈ ಪತ್ರ ಬರೆಯಲು ಕಾರಣ. ನಮ್ಮ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರು ಹೋದ ವಾರ ಅಂಗಡಿಗೆ ಬಂದು, ಮಕ್ಕಳ ತಂಡಕ್ಕೆ ಕಲಿಸುತ್ತೀಯಾ ಎಂದು ಕೇಳಿದರು. ಹದಿನಾಲ್ಕು ಮಕ್ಕಳಿದ್ದಾರೆ, ಐದು ಹುಡುಗಿಯರು. ಕ್ಯಾಚರ್ ಜಾಗಕ್ಕೆ ಯಾರೂ ಕೂರಲು ಒಪ್ಪುವುದಿಲ್ಲವಂತೆ, ಹೆದರಿಕೆಯಂತೆ. ನಾನು ಹೂಂ ಅನ್ನಲಿಲ್ಲ. “ನಮ್ಮಣ್ಣ ಬಂದ್ರೆ ಇಬ್ಬರೂ ಸೇರಿ ಕಲಿಸ್ತೀವಿ” ಅಂದೆ. ಫೆಬ್ರವರಿಗೆ ನಿನ್ನ ಕರಾರು ಮುಗಿಯುತ್ತದೆ, ಮತ್ತೆರಡು ವರ್ಷಕ್ಕೆ ಸಹಿ ಹಾಕು ಎಂದು ಕಂಪನಿಯವರು ಕೇಳುತ್ತಾರೆ ಎಂದು ಅಡುಗೆಯವನು ಹೇಳಿದ. ಹಾಕಬೇಡ ಅಣ್ಣಾ. ಬಂದುಬಿಡು. ಸಂಬಳ ಎನ್ನುವಂಥದ್ದೇನೂ ಇಲ್ಲ, ಆದರೆ ಮಧ್ಯಾಹ್ನ ಅಕ್ಕನ ಅಂಗಡಿ, ಸಂಜೆ ಮೈದಾನ. ನಿನಗೆ ಬೇಕಾಗಿದ್ದ ಕೋಚ್ ಕೆಲಸ ಇದಲ್ಲ ಎಂದು ಗೊತ್ತು. ಆದರೂ ಬಾ.

ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. ನಿನ್ನ ತಲೆಯ ಮೇಲೆ ಕೈಯಿಟ್ಟೆ ಎಂದು ಬರೆಯಲು ಹೇಳುತ್ತಿದ್ದಾಳೆ, ಬರೆದೆ. ಬಂದರೆ ಹೊಸ ಕಣ್ಣಿನಿಂದ ನೋಡುತ್ತಾಳಂತೆ, ಚೆನ್ನಾಗಿ ಊಟ ಮಾಡಿ ಬರಬೇಕಂತೆ. ಅಕ್ಕ ಒಣಗಿಸಿದ ಹಾರುಮೀನು ಎರಡು ಕಟ್ಟು ಕೊಟ್ಟಿದ್ದಾಳೆ, ಹಡಗಿನವರಿಗೆಲ್ಲ ಹಂಚಿ ಖಾಲಿ ಮಾಡಬೇಡ ಎಂದು ಹೇಳಿದ್ದಾಳೆ. ಅಂಚೆಗೆ ಹಾಕಿದರೆ ಎಲ್ಲಿ ಹೋಗುತ್ತದೋ, ನಾಳೆ ನಾನೇ ಬೆಳಗಿನ ರೈಲಿಗೆ ಕಾವೋಶಿಯುಂಗ್‌ಗೆ ಹೋಗಿ, ನಿಮ್ಮ ಕಂಪನಿಯ ಕಚೇರಿಯಲ್ಲಿ ನಿಮಗೆ ಸಾಮಾನು ತರುವ ಹಡಗಿನ ಅಂಚೆ ಚೀಲಕ್ಕೆ ಕೊಟ್ಟು ಬರುತ್ತೇನೆ. ಬೆರಳಿಗೆ ದಿನಾ ಬಿಸಿನೀರು ಹಿಡಿ. ಮರೆಯಬೇಡ.

ನಿನ್ನ ತಮ್ಮ,
ಫುತಿಂಗ್

ಮರೆತದ್ದು: ಸೋಮವಾರ, ಕಾವೋಶಿಯುಂಗ್, ನಿಮ್ಮ ಕಚೇರಿಯ ಕ್ಯೂನಲ್ಲಿ ನಿಂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮರೆತದ್ದಲ್ಲ, ಬಿಟ್ಟದ್ದು. ರೈಲಿನಲ್ಲಿ ಪತ್ರವನ್ನು ಮತ್ತೆ ಓದಿದೆ. ಒಂದು ಕಡೆ ಸುಳ್ಳು ಬರೆದಿದ್ದೇನೆ. ಕ್ಯಾಚರ್ ಕೆಲಸ ಕಲಿಯುವ ಯೋಚನೆ ಎಲ್ಲಿಂದ ಬಂತೋ ನೆನಪಿಲ್ಲ ಎಂದು. ಚೆನ್ನಾಗಿ ನೆನಪಿದೆ. ಆ ಜುಲೈನಲ್ಲಿ ತೈನಾನ್‌ನಲ್ಲಿ ಮಳೆಗೆ ಆಟ ನಿಂತ ಮಧ್ಯಾಹ್ನ ಲಿಯಾವ್ ನನ್ನನ್ನು ತನ್ನ ಕಾರಿನೊಳಗೆ ಕೂರಿಸಿಕೊಂಡು ಹೇಳಿದ: “ಮುಂದಿನ ವರ್ಷ ನಿಮ್ಮಿಬ್ಬರಲ್ಲಿ ಒಬ್ಬರಿಗೇ ಜಾಗ. ನೀನು ಕ್ಯಾಚರ್ ಕೆಲಸಾನೂ ಕಲಿತ್ರೆ ನೀನಿರ್ತೀಯ, ಅವನು ಹೋಗ್ತಾನೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಅವನನ್ನ ಇಟ್ಕೊಂಡು ನಿನ್ನ ಬಿಡ್ತೀನಿ. ಅವಸರ ಇಲ್ಲ, ಯೋಚನೆ ಮಾಡಿ ನಾಳೆ ಹೇಳು.” ನಾನು ನಾಳೆಯವರೆಗೆ ಕಾಯಲಿಲ್ಲ ಅಣ್ಣಾ. ಕಾರಿನಿಂದ ಇಳಿಯುವ ಮೊದಲೇ “ಆಗುತ್ತೆ” ಅಂದೆ. ನಿನಗೆ ಹೇಳಬೇಡಿ ಎಂದೂ ಕೇಳಿಕೊಂಡೆ. ಮರುದಿನ ನಿನ್ನ ಬಳಿ ಬಂದು ಕಲಿಸು ಅಂದೆ. ಆರು ವಾರ ನೀನು ಬಿಸಿಲಲ್ಲಿ ನಿಂತು ಕಲಿಸಿದ್ದು ಏನು ಎಂದು ನನಗೆ ದಿನಾ ಗೊತ್ತಿತ್ತು. ಪಟ್ಟಿ ಹಾಕಿದ ದಿನ ನೀನು ನನ್ನ ಪರವಾಗಿ ಕೂಗಾಡುವಾಗ, ಲಿಯಾವ್ ನಾನು ಬಾಯಿ ಬಿಡುತ್ತೇನೋ ಎಂದು ನೋಡುತ್ತಿದ್ದ. ಬಿಡಲಿಲ್ಲ. ಅವನು ಸತ್ತಮೇಲೆ ಇದು ಗೊತ್ತಿರುವವನು ನಾನೊಬ್ಬನೇ, ಇನ್ನು ಯಾರೂ ನಿನಗೆ ಹೇಳುತ್ತಿರಲಿಲ್ಲ. ಆದರೆ ಇದನ್ನು ತಿಳಿಯದೆ ನೀನು ಆ ಕರಾರು ಬಿಟ್ಟು ಬಂದು ನನ್ನ ಪಕ್ಕದಲ್ಲಿ ನಿಂತರೆ ಅದು ಎರಡನೆಯ ಸಲದ ಮೋಸವಾಗುತ್ತದೆ. ಶಾಲೆಯ ಮಾತು ಹಾಗೇ ಇದೆ. ನೀನೊಬ್ಬನೇ ಕಲಿಸುವುದಾದರೆ ನಾನು ಆ ಮೈದಾನದ ಕಡೆ ಬರುವುದಿಲ್ಲ, ಹೆಡ್‌ಮಾಸ್ಟರಿಗೆ ಹಾಗೆಂದು ಹೇಳುತ್ತೇನೆ. ಅಮ್ಮನಿಗೂ ಅಕ್ಕನಿಗೂ ಹೇಳಿಲ್ಲ, ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಕೌಂಟರಿನ ಹುಡುಗಿ ಚೀಲದ ಬಾಯಿ ಹಿಡಿದುಕೊಂಡು, “ಆಯ್ತಾ ಸಾರ್? ಹಾಕ್ತೀರಾ, ಇಲ್ವಾ?” ಎಂದು ಎರಡನೆಯ ಸಲ ಕೇಳುತ್ತಿದ್ದಾಳೆ. ಈಗಲೇ ಹಾಕಿಬಿಡುತ್ತೇನೆ, ಇನ್ನೊಂದು ಸಲ ಓದಿದರೆ ಹರಿದುಬಿಡುತ್ತೇನೆ.